ಪೆಟ್ಟಿಗೆಗಿಂತ ಅಂಚು ಮುಖ್ಯ: ಸೆಕೆಂಡ್ ಹ್ಯಾಂಡ್ ಡಿಸೈನರ್ ಸ್ಕಾರ್ಫ್ ಕೊಳ್ಳುವವರಿಗೆ

ಪ್ರಶ್ನೆ: ನಾನು ಕಲಬುರಗಿಯಲ್ಲಿ ಪಿಯು ಕಾಲೇಜಿನ ಉಪನ್ಯಾಸಕಿ. ಒಳ್ಳೆಯ ರೇಷ್ಮೆ ಸ್ಕಾರ್ಫ್‌ಗಳನ್ನು ಒಂದೊಂದಾಗಿ ಕೂಡಿಡುವ ಆಸೆ, ಹೊಸದು ಕೊಳ್ಳುವ ಶಕ್ತಿ ಇಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಒಬ್ಬರು ಫ್ರಾನ್ಸಿನ ಹರ್ಮೆಸ್ ಕಂಪನಿಯ ‘ಬ್ರೀದ್ ದ ಗಾಲಾ’ ಸ್ಕಾರ್ಫನ್ನು 14,000 ರೂಪಾಯಿಗೆ ಇಟ್ಟಿದ್ದಾರೆ. ‘1957ರ ವಿಂಟೇಜ್ ಪೀಸ್, ಬಾಕ್ಸ್ ಸಮೇತ, ವಾಪಸ್ ಇಲ್ಲ’ ಅಂತಾರೆ. ಅರ್ಧ ಹಣ ಮೊದಲೇ ಯುಪಿಐ ಮಾಡಬೇಕಂತೆ. ಹಿಂಬದಿಯ ಮೂಲೆಯಲ್ಲಿ ಒಗೆಯುವ ಸೂಚನೆಯ ಸಣ್ಣ ಲೇಬಲ್ ಫೋಟೊದಲ್ಲಿ ಕಾಣುತ್ತದೆ. ಎರಡನೆಯದು, ನಮ್ಮ ಕಾಕಾ ತೊಂಬತ್ತರ ದಶಕದಲ್ಲಿ ದುಬೈನಿಂದ ತಂದ ಚೌಕಳಿ ಮಫ್ಲರ್ ಇದೆ. ಲೇಬಲ್ಲಿನಲ್ಲಿ ‘ಬರ್ಬರೀಸ್’ ಎಂದಿದೆ. ಕೊನೆಗೊಂದು ‘ಎಸ್’ ಜಾಸ್ತಿ ಇದೆ, ಡೂಪ್ಲಿಕೇಟ್ ಮಾಲು ಅಂತ ತಮ್ಮ ನಗುತ್ತಾನೆ. ಮೂರನೆಯದು, ಮನೆಯಲ್ಲಿರುವ ಒಂದು ಹಳೆ ರೇಷ್ಮೆ ಸ್ಕಾರ್ಫಿನ ಅಂಚು ಮೂರು ಇಂಚು ಬಿಚ್ಚಿಕೊಂಡಿದೆ, ಪೀಕೊ ಹಾಕಿಸಲೇ? ನಮ್ಮದು ಬೋರ್ ನೀರು, ಮನೆಯಲ್ಲೇ ಒಗೆಯಬಹುದೇ?

ಉತ್ತರ: ಆ 7,000 ರೂಪಾಯಿ ಮುಂಗಡ ಕಳಿಸಬೇಡಿ. ಸ್ಕಾರ್ಫ್ ನಕಲಿ ಅಂತಲ್ಲ, ಅಸಲಿಯೇ ಇರಬಹುದು. ಆದರೆ ಮಾರುವವರು ಹೇಳಿದ್ದರಲ್ಲಿ ಒಂದು ಮಾತು ಅವರ ಫೋಟೊದಲ್ಲೇ ಸುಳ್ಳಾಗಿದೆ. ‘ಬ್ರೀದ್ ದ ಗಾಲಾ’ ವಿನ್ಯಾಸ ಹೊರಬಂದದ್ದು 1957ರಲ್ಲಿ ಎಂಬುದು ನಿಜ. ಹ್ಯೂಗೊ ಗ್ರೈಗ್ಕರ್ ಬಿಡಿಸಿದ ಕುದುರೆ ಲಗಾಮುಗಳ ಚಿತ್ರ ಅದು. ಹರ್ಮೆಸ್ ತನ್ನ ಜನಪ್ರಿಯ ವಿನ್ಯಾಸಗಳನ್ನು ಹೊಸ ಬಣ್ಣಗಳಲ್ಲಿ ಮತ್ತೆ ಮತ್ತೆ ಅಚ್ಚು ಹಾಕುತ್ತದೆ, ಇದನ್ನಂತೂ ಲೆಕ್ಕವಿಲ್ಲದಷ್ಟು ಸಲ. ವಿನ್ಯಾಸದ ವರ್ಷ ಬೇರೆ, ನಿಮ್ಮ ಕೈಗೆ ಬರುವ ಬಟ್ಟೆಯ ವಯಸ್ಸು ಬೇರೆ. ಒಗೆಯುವ ಸೂಚನೆಯ ಲೇಬಲ್ ಹೊಲಿಯುವ ರೂಢಿ ಐವತ್ತರ ದಶಕದಲ್ಲಿ ಇರಲೇ ಇಲ್ಲ, ಅದು ಬಂದದ್ದು ಆಮೇಲೆ. ಲೇಬಲ್ ಇದೆ ಎಂದಮೇಲೆ ಇದು 1957ರ ತುಂಡಲ್ಲ. ಮಾರುವವರಿಗೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳುತ್ತಿಲ್ಲ. ಎರಡರಲ್ಲಿ ಯಾವುದಾದರೂ ನೀವು ಹೆಚ್ಚು ಎಚ್ಚರ ವಹಿಸಬೇಕು.

ಬೆಲೆಯಿಂದ ಏನೂ ತೀರ್ಮಾನವಾಗುವುದಿಲ್ಲ. 90 ಸೆಂ.ಮೀ. ಚೌಕದ ಬಳಸಿದ ಹರ್ಮೆಸ್ ರೇಷ್ಮೆ ಸ್ಕಾರ್ಫ್ ಹೊರದೇಶದ ಮರುಮಾರಾಟದಲ್ಲಿ ಹೆಚ್ಚಾಗಿ 150ರಿಂದ 350 ಡಾಲರಿಗೆ ಕೈ ಬದಲಾಯಿಸುತ್ತದೆ. ಹಾಗಾಗಿ 14,000 ರೂಪಾಯಿ ಅಸಾಧ್ಯವಾದ ಅಗ್ಗವೂ ಅಲ್ಲ, ದುಬಾರಿಯೂ ಅಲ್ಲ. ಅದೇ 2,500ಕ್ಕೆ ಕೊಡುತ್ತೇನೆಂದರೆ ಅದು ಬಜಾರಿನವರು ‘ಫಸ್ಟ್ ಕಾಪಿ’ ಎನ್ನುವ ಮಾಲು, ಪರೀಕ್ಷೆಯೇ ಬೇಡ. ಕಿತ್ತಳೆ ಪೆಟ್ಟಿಗೆಯನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ. ಖಾಲಿ ಪೆಟ್ಟಿಗೆ, ರಿಬ್ಬನ್, ಚೀಲ ಎಲ್ಲವೂ ಬಿಡಿಬಿಡಿಯಾಗಿ ಮಾರಾಟಕ್ಕಿವೆ. ಬಿಲ್ಲನ್ನೂ ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು. ಮುಂಬೈನ ಹಾರ್ನಿಮನ್ ಸರ್ಕಲ್‌ನಲ್ಲಿರುವ ಕಂಪನಿಯ ಮಳಿಗೆಗೇ ಒಯ್ದು ಕೇಳೋಣ ಎಂದುಕೊಳ್ಳುವವರಿದ್ದಾರೆ. ಹರ್ಮೆಸ್ ಮಳಿಗೆಗಳು ಹೊರಗೆ ಕೊಂಡ ಹಳೆಯ ವಸ್ತುವಿಗೆ ಅಸಲಿಯೆಂಬ ಪತ್ರ ಕೊಡುವುದಿಲ್ಲ. ಪರೀಕ್ಷೆ ನೀವೇ ಕಲಿಯಬೇಕು. ಕಲಿಯಲಾಗದಷ್ಟು ಕಷ್ಟದ್ದೇನೂ ಅಲ್ಲ.

ಮೊದಲು ಅಂಚು

ನಕಲು ಮಾಡುವವನಿಗೆ ಸುಲಭವಾದದ್ದು ಚಿತ್ರ, ಲೇಬಲ್, ಪೆಟ್ಟಿಗೆ. ಕಷ್ಟವಾದದ್ದು ಅಂಚು, ಏಕೆಂದರೆ ಅದಕ್ಕೆ ಕೈಗೆಲಸದ ಸಮಯ ಬೇಕು, ಸಮಯ ಎಂದರೆ ಹಣ. ಹರ್ಮೆಸ್‌ನ ರೇಷ್ಮೆ ಚೌಕದ ಅಂಚನ್ನು ಕೈಯಿಂದ ಸುರುಳಿ ಸುತ್ತಿ ಹೊಲಿಯುತ್ತಾರೆ. ಸುರುಳಿ ಹಿಂಬದಿಯಿಂದ ಮುಂಬದಿಗೆ ಮಗುಚಿರುತ್ತದೆ, ಅಂದರೆ ಚಿತ್ರ ಗಾಢವಾಗಿ ಕಾಣುವ ಬದಿಯಲ್ಲೇ ಅಂಚು ಉಬ್ಬಿರಬೇಕು. ಉಬ್ಬು ಹಿಂಬದಿಯಲ್ಲಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು. ಈ ನಿಯಮ ಹರ್ಮೆಸ್ ರೇಷ್ಮೆ ಚೌಕಕ್ಕೆ ಮಾತ್ರ. ಬೇರೆ ಒಳ್ಳೆಯ ಬ್ರ್ಯಾಂಡುಗಳಲ್ಲಿ ಹಿಂದಕ್ಕೆ ಮಗುಚಿದ ಅಂಚೂ ಉಂಟು, ಯಂತ್ರದ ಹೊಲಿಗೆಯೂ ಉಂಟು. ಈ ಒಂದು ಗುರುತಿನಿಂದ ಅವನ್ನು ತಳ್ಳಿಹಾಕಬೇಡಿ.

ಸುರುಳಿ ಮುಟ್ಟಿದರೆ ದುಂಡಗೆ, ತುಂಬಿಕೊಂಡಂತಿರಬೇಕು. ದಾರದ ಬಣ್ಣ ಅಂಚಿನ ಬಣ್ಣಕ್ಕೆ ಹೊಂದಿರಬೇಕು. ಹೊಲಿಗೆಗಳ ನಡುವಿನ ಅಂತರ ಹತ್ತಿರಹತ್ತಿರ ಒಂದೇ ಇದ್ದರೂ ಅಳೆದಿಟ್ಟಂತೆ ಇರುವುದಿಲ್ಲ, ಕೈ ಎಂದಮೇಲೆ ಅಲ್ಲಲ್ಲಿ ಕೂದಲೆಳೆಯಷ್ಟು ಏರುಪೇರು ಇದ್ದೇ ಇರುತ್ತದೆ. ರೈಲು ಹಳಿಯಂತೆ ನೇರವಾಗಿ ಓಡುವ ಹೊಲಿಗೆ ಸಾಲು ಕಂಡರೆ ಅದು ಯಂತ್ರದ್ದು. ನಾಲ್ಕು ಮೂಲೆಗಳನ್ನು ತಪ್ಪದೆ ನೋಡಿ: ಎರಡು ಸುರುಳಿ ಸೇರುವ ಜಾಗ ಚೂಪಾಗಿ, ಚೊಕ್ಕವಾಗಿ ಮುಗಿದಿರಬೇಕು, ಬಟ್ಟೆ ಗಂಟುಗಂಟಾಗಿ ಗುಡ್ಡೆಯಾಗಿರಬಾರದು.

ಚಪ್ಪಟೆ ಅಂಚು ಕಂಡ ಕೂಡಲೇ ನಕಲಿ ಎನ್ನುವವರಿದ್ದಾರೆ. ಅದು ಆತುರ. ಡ್ರೈಕ್ಲೀನ್ ಅಂಗಡಿಯಲ್ಲಿ ಅಂಚಿನ ಮೇಲೆ ಇಸ್ತ್ರಿ ಒತ್ತಿದರೆ ಅಸಲಿ ಸುರುಳಿಯೂ ಚಪ್ಪಟೆಯಾಗುತ್ತದೆ. ಇದು ನಕಲಿನ ಗುರುತಲ್ಲ, ಬೆಲೆ ಇಳಿಸಲು ಕಾರಣ. ತದ್ವಿರುದ್ಧವೂ ನಿಜ: ಈಚಿನ ದುಬಾರಿ ನಕಲುಗಳಿಗೆ ಒಳ್ಳೆಯ ಕೈ ಅಂಚೇ ಇರುತ್ತದೆ. ಅಂಚು ತಪ್ಪಿದರೆ ಸ್ಕಾರ್ಫ್ ತಪ್ಪು, ಅಂಚು ಸರಿಯಿದ್ದರೆ ಮುಂದಿನ ಪರೀಕ್ಷೆಗೆ ಹೋಗಬೇಕು, ಅಷ್ಟೆ.

ಮುಂದಿನದು ಅಚ್ಚು. ಹಳೆಯ ಹರ್ಮೆಸ್ ಚೌಕಗಳಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಪರದೆ ಹಿಡಿದು ಅಚ್ಚು ಹಾಕಿರುತ್ತಾರೆ. ಬಣ್ಣ ಬಟ್ಟೆಯೊಳಗೆ ಇಳಿಯುವುದರಿಂದ ಹಿಂಬದಿ ಮುಂಬದಿಗಿಂತ ಸ್ವಲ್ಪವೇ ತಿಳಿಯಾಗಿರುತ್ತದೆ. ಹಿಂಬದಿ ಬಿಳಿಚಿಕೊಂಡಿದ್ದರೆ ಅನುಮಾನ ಪಡಿ. ಸರಾಫ ಬಜಾರಿನಲ್ಲಿ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ 10 ಪಟ್ಟಿನ ಲೂಪ್ ಒಂದು ಕೊಂಡಿಟ್ಟುಕೊಳ್ಳಿ. ಅದರಲ್ಲಿ ನೋಡಿದಾಗ ಪರದೆಯ ಅಚ್ಚಿನ ಬಣ್ಣ ಒಂದೇ ಹಾಸಾಗಿ ತುಂಬಿರುತ್ತದೆ, ಕಂಪ್ಯೂಟರ್ ಪ್ರಿಂಟರಿನದು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ. ಬಟ್ಟೆಯಲ್ಲಿ ಓರೆಗೆರೆಗಳು ಸ್ಪಷ್ಟವಾಗಿ ಕಾಣಬೇಕು, ಅದು ಟ್ವಿಲ್ ನೇಯ್ಗೆ. ಸ್ಯಾಟಿನ್‌ನಂತೆ ಎಣ್ಣೆ ಹಚ್ಚಿದ ಹೊಳಪು ಇರಬಾರದು.

ಕಂಪನಿಯ ಹೆಸರನ್ನು ಚಿತ್ರದೊಳಗೇ ಅಚ್ಚು ಹಾಕಿರುತ್ತಾರೆ. ರೋಮನ್ ಲಿಪಿಯಲ್ಲಿ ಆ ಹೆಸರಿನ ಎರಡನೆಯ ‘ಇ’ ಮೇಲೆ ಎಡದಿಂದ ಬಲಕ್ಕೆ ಇಳಿಯುವ ಓರೆಗೀಟು ಇರಬೇಕು. ನಕಲುಗಳಲ್ಲಿ ಇದು ಇರುವುದೇ ಇಲ್ಲ ಅಥವಾ ಉಲ್ಟಾ ಇರುತ್ತದೆ. ವಿನ್ಯಾಸದ ಫ್ರೆಂಚ್ ಹೆಸರೂ ಸಾಮಾನ್ಯವಾಗಿ ಬಟ್ಟೆಯ ಮೇಲೇ ಇರುತ್ತದೆ. ಆ ಹೆಸರಿನಿಂದ ಹುಡುಕಿ, ಬಂದ ಚಿತ್ರಗಳ ಜೊತೆ ಒಂದೊಂದು ಮೂಲೆಯನ್ನೂ ಹೋಲಿಸಿ. ಒಂದು ವಿನ್ಯಾಸದ ಚಿತ್ರಕ್ಕೆ ಇನ್ನೊಂದರ ಹೆಸರು ಹಾಕಿದ ನಕಲುಗಳು ಹೀಗೆ ಸಿಕ್ಕಿಬೀಳುತ್ತವೆ. ಕಲಾವಿದರ ಸಹಿ ಕೆಲವುಗಳಲ್ಲಿ ಇದೆ, ಕೆಲವುಗಳಲ್ಲಿ ಇಲ್ಲ. ಆನಿ ಫೇವ್ರ್ ಎಂಬ ಕಲಾವಿದೆ ತಮ್ಮ ವಿನ್ಯಾಸಗಳಲ್ಲಿ ಎಲ್ಲಾದರೂ ಒಂದು ಕೋತಿಯನ್ನು ಅಡಗಿಸಿಡುತ್ತಾರೆ, ಹುಡುಕುವುದೇ ಒಂದು ಮೋಜು. ಒಗೆಯುವ ಸೂಚನೆಯ ಲೇಬಲ್ ಇಲ್ಲದ್ದು ದೋಷವಲ್ಲ. ಕುತ್ತಿಗೆಗೆ ಚುಚ್ಚುತ್ತದೆಂದು ಕತ್ತರಿಸಿ ಎಸೆದವರೇ ಹೆಚ್ಚು.

ಕೊನೆಗೆ ತಕ್ಕಡಿ. ರೇಷ್ಮೆಯ ದಪ್ಪವನ್ನು ಮೊಮ್ಮೆ ಎಂಬ ಲೆಕ್ಕದಲ್ಲಿ ಹೇಳುತ್ತಾರೆ; 1 ಮೊಮ್ಮೆ ಎಂದರೆ ಚದರ ಮೀಟರಿಗೆ 4.34 ಗ್ರಾಂ. 90 ಸೆಂ.ಮೀ. ಚೌಕದ ವಿಸ್ತೀರ್ಣ 0.81 ಚದರ ಮೀಟರ್. ಸ್ಕಾರ್ಫ್ 63 ಗ್ರಾಂ ತೂಗಿತು ಎನ್ನಿ: 63ನ್ನು 0.81ರಿಂದ ಭಾಗಿಸಿದರೆ 77.8, ಅದನ್ನು 4.34ರಿಂದ ಭಾಗಿಸಿದರೆ ಸುಮಾರು 18 ಮೊಮ್ಮೆ. ಹರ್ಮೆಸ್ ಟ್ವಿಲ್ ಚೌಕ ಈ ಆಸುಪಾಸಿನಲ್ಲಿ, 60ರಿಂದ 70 ಗ್ರಾಂ ತೂಗುತ್ತದೆ. 40 ಗ್ರಾಂ ಬಂದರೆ ಅದು 12 ಮೊಮ್ಮೆಯೂ ಮುಟ್ಟದ ತೆಳು ಬಟ್ಟೆ. ಒಂದು ಗ್ರಾಂ ನಿಖರತೆಯ ಅಡುಗೆಮನೆ ತಕ್ಕಡಿ ಸಾಕು. ಅಳತೆಯಲ್ಲಿ ಒಂದು ಸೆಂ.ಮೀ. ಹೆಚ್ಚುಕಡಿಮೆ ಇದ್ದರೆ ಗಾಬರಿ ಬೇಡ, ಒಗೆದ ರೇಷ್ಮೆ ಸ್ವಲ್ಪ ಕುಗ್ಗುತ್ತದೆ.

ಮಾರುವವರಿಂದ ಏನು ಕೇಳಬೇಕು

ಇಷ್ಟೆಲ್ಲ ಪರೀಕ್ಷೆ ಕೈಯಲ್ಲಿ ಹಿಡಿದಾಗ ಸಾಧ್ಯ. ದೂರದಿಂದ ಕೊಳ್ಳುವಾಗ ಫೋಟೊಗಳೇ ಗತಿ, ಹಾಗಾಗಿ ಯಾವ ಫೋಟೊ ಎಂದು ಬಿಡಿಸಿ ಹೇಳಿ. ಪೂರ್ತಿ ಮುಂಬದಿ, ಪೂರ್ತಿ ಹಿಂಬದಿ, ಎರಡೂ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ನಾಲ್ಕೂ ಮೂಲೆಗಳು ಹತ್ತಿರದಿಂದ. ಅಂಚನ್ನು ಬೆರಳ ಮೇಲೆ ಹೊದಿಸಿ ಓರೆಯಾಗಿ ತೆಗೆದದ್ದು. ಕಂಪನಿಯ ಹೆಸರು, ವಿನ್ಯಾಸದ ಹೆಸರು, ಲೇಬಲ್. ಟೇಪು ಹಿಡಿದು ಎರಡು ದಿಕ್ಕಿನ ಅಳತೆ. ಎಲ್ಲಕ್ಕಿಂತ ಮುಖ್ಯ, ಸ್ಕಾರ್ಫನ್ನು ಕಿಟಕಿಗೆ ಅಡ್ಡ ಹಿಡಿದು ಬೆಳಕು ಆಚೆಯಿಂದ ಬರುವಂತೆ ತೆಗೆದ ಫೋಟೊ. ಬ್ರೂಚ್ ಪಿನ್ನಿನ ತೂತು, ಉಂಗುರಕ್ಕೆ ಸಿಕ್ಕು ಜಗ್ಗಿದ ಎಳೆ, ಸವೆದ ಮಡಿಕೆ ಗೆರೆ, ಇವೆಲ್ಲ ಮೇಜಿನ ಮೇಲೆ ಹಾಸಿದಾಗ ಕಾಣುವುದೇ ಇಲ್ಲ, ಹೀಗೆ ಹಿಡಿದಾಗ ಅಡಗಲು ಜಾಗವಿರುವುದಿಲ್ಲ. ಒಂದು ಫೋಟೊದಲ್ಲಿ ಇವತ್ತಿನ ತಾರೀಖು ಬರೆದ ಚೀಟಿ ಪಕ್ಕದಲ್ಲಿರಲಿ. ಬೇರೆಯವರ ಫೋಟೊ ಕದ್ದು ಹಾಕಿದವರು ಇಲ್ಲಿಗೆ ಸುಮ್ಮನಾಗುತ್ತಾರೆ.

ಫೋಟೊ ಹೇಳದ್ದು ವಾಸನೆ. ಸಿಗರೇಟು, ನುಸಿಗುಳಿಗೆ, ಮುಗ್ಗಲು ಇದೆಯೇ ಎಂದು ಬರಹದಲ್ಲೇ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ‘ಒಗೆದಿದ್ದೀರಾ, ಹೇಗೆ?’ ಎಂದೂ ಕೇಳಿ.

ಹಣದ ವಿಷಯ: ಗುರುತಿಲ್ಲದವರಿಗೆ ಯುಪಿಐ ಮುಂಗಡ ಕೊಡಬಾರದು. ತೆರೆದು ನೋಡಿ ಹಣ ಕೊಡುವ ವ್ಯವಸ್ಥೆ, ಅಥವಾ ವಾಪಸಾತಿಯ ಅವಧಿ ಮುಗಿಯುವವರೆಗೆ ಹಣ ತನ್ನಲ್ಲೇ ಇಟ್ಟುಕೊಳ್ಳುವ ಮರುಮಾರಾಟದ ತಾಣ, ಇವೆರಡರಲ್ಲಿ ಒಂದಿರಲಿ. ಪಾರ್ಸೆಲ್ ಬಿಚ್ಚುವಾಗ ವಿಳಾಸದ ಚೀಟಿಯಿಂದ ಶುರುಮಾಡಿ ತಡೆಯಿಲ್ಲದ ಒಂದೇ ವಿಡಿಯೊ ತೆಗೆಯಿರಿ. ಮೋಸವಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆಗಲೇ ಕರೆ ಮಾಡಬೇಕು, ತಡವಾದಷ್ಟೂ ಹಣ ಕೈ ಬದಲಾಯಿಸಿರುತ್ತದೆ. ವ್ಯಾಪಾರಿಯಿಂದ ಕೊಂಡಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ತಮ್ಮ ಮನೆಯ ಒಂದು ಸ್ಕಾರ್ಫ್ ಮಾರಿದ ಖಾಸಗಿ ವ್ಯಕ್ತಿಯ ಮೇಲೆ ಗ್ರಾಹಕ ದೂರು ನಿಲ್ಲುವುದು ಕಷ್ಟ, ಅಂಥ ಕಡೆ ಎಚ್ಚರ ದುಪ್ಪಟ್ಟಿರಲಿ.

ಇನ್ನು ಎಲ್ಲಿ ಕೊಳ್ಳುವುದು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಾಗಲಿ, ಬಂದೇನವಾಜ್ ಉರುಸಿನ ಅಂಗಡಿ ಸಾಲಿನಲ್ಲಾಗಲಿ, ಶರಣಬಸವೇಶ್ವರ ಜಾತ್ರೆಯಲ್ಲಾಗಲಿ ‘ಇಂಪೋರ್ಟೆಡ್’ ಎಂದು ಕೂಗುವ ಸ್ಕಾರ್ಫ್ ಪಾಲಿಯೆಸ್ಟರ್ ಅಥವಾ ವಿಸ್ಕೋಸ್. ಬಿಸಿಲಿಗೆ ತಲೆಗೆ ಕಟ್ಟಲು ಬಹಳ ಚೆಂದ, ಸಂಗ್ರಹಕ್ಕಲ್ಲ. ನಮ್ಮ ಭಾಗದಲ್ಲಿ ನಿಜವಾದ ಗಣಿ ಇರುವುದು ಗಲ್ಫ್‌ಗೆ, ಅಮೆರಿಕಕ್ಕೆ ಹೋಗಿಬಂದವರ ಟ್ರಂಕುಗಳಲ್ಲಿ. ಉಡುಗೊರೆಯಾಗಿ ಬಂದು, ಹೇಗೆ ಕಟ್ಟಬೇಕೆಂದು ತಿಳಿಯದೆ ಮಡಿಸಿಟ್ಟ ಸ್ಕಾರ್ಫ್‌ಗಳು ಬಳಕೆಯೇ ಆಗದೆ ಉಳಿದಿರುತ್ತವೆ. ಬಂಧುಬಳಗದಲ್ಲಿ ಮಾತು ಹಾಕಿಡಿ. ಬೀದರ್‌ನವರಿಗೂ ನಿಮಗೂ ಹೈದರಾಬಾದ್ ಹತ್ತಿರ. ಆನ್‌ಲೈನ್ ಮಾರಾಟಗಾರ ಹೈದರಾಬಾದಿನವರಾದರೆ ಹೋಗಿ ಕೈಯಲ್ಲಿ ಹಿಡಿದೇ ಕೊಳ್ಳಿ, ರೈಲಿನ ಖರ್ಚು ವ್ಯರ್ಥವಲ್ಲ.

ಹೊರದೇಶದಿಂದ ನೇರವಾಗಿ ಅಂಚೆಯಲ್ಲಿ ತರಿಸುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಜಪಾನಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಸ್ಕಾರ್ಫಿಗೆ ಬಹಳ ಒಳ್ಳೆಯದು, ಸ್ಥಿತಿಯನ್ನು ಎಸ್, ಎ, ಎಬಿ, ಬಿ, ಸಿ ಎಂದು ದರ್ಜೆ ಹಾಕಿ ಪ್ರಾಮಾಣಿಕವಾಗಿ ಹೇಳುತ್ತಾರೆ. ಆದರೆ ಬಳಸಿದ ಬಟ್ಟೆಯ ಆಮದು ನಮ್ಮಲ್ಲಿ ನಿರ್ಬಂಧಿತ ಪಟ್ಟಿಯಲ್ಲಿದೆ, ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತರೆ ಬಿಡಿಸುವುದು ತಲೆನೋವು. ಬಿಟ್ಟರೂ ಸುಂಕ ಬೀಳುವುದು ವಸ್ತುವಿನ ಬೆಲೆಯ ಜೊತೆ ಸಾಗಣೆ ಖರ್ಚನ್ನೂ ಕೂಡಿಸಿ. ‘ಗಿಫ್ಟ್ ಅಂತ ಬರೆದು ಕಳಿಸಿ’ ಎನ್ನುವ ಉಪಾಯ ಬೇಡವೇ ಬೇಡ. 2019ರ ಡಿಸೆಂಬರಿನಿಂದ ರಾಖಿ ಮತ್ತು ಜೀವರಕ್ಷಕ ಔಷಧ ಬಿಟ್ಟು ಉಳಿದದ್ದನ್ನು ಉಡುಗೊರೆಯ ಹೆಸರಿನಲ್ಲಿ ಅಂಚೆ, ಕೊರಿಯರ್ ಮೂಲಕ ತರಿಸುವುದನ್ನು ನಿಷೇಧಿಸಲಾಗಿದೆ. ಊರಿಗೆ ಬರುವ ಬಂಧುಗಳ ಸೂಟ್‌ಕೇಸಿನಲ್ಲಿ ಒಂದೆರಡು ಬರುವುದೇ ಸರಳ.

ಜಪಾನಿನ ಮಾಲಿನಲ್ಲಿ ಇನ್ನೊಂದು ಮೋಸ ಹೋಗುವ ಜಾಗವಿದೆ. ದೊಡ್ಡ ಬ್ರ್ಯಾಂಡುಗಳ ಹೆಸರಿನಲ್ಲಿ ಪರವಾನಗಿ ಪಡೆದು ಅಲ್ಲೇ ತಯಾರಾದ ಹತ್ತಿ ಕರವಸ್ತ್ರಗಳು ಅಸಲಿಯೇ, ಆದರೆ ಅವು ಸುಮಾರು 45–50 ಸೆಂ.ಮೀ.ನ ಕೈಚೌಕಗಳು. ಇಲ್ಲಿ ಅವನ್ನು ‘ಡಿಸೈನರ್ ಸ್ಕಾರ್ಫ್’ ಎಂದು ಮಾರುತ್ತಾರೆ. ಅಳತೆ ಮತ್ತು ನೂಲು ಎರಡನ್ನೂ ಕೇಳದೆ ಹೂಂ ಅನ್ನಬೇಡಿ.

ಸಂಗ್ರಹವನ್ನು ಹರ್ಮೆಸ್‌ನಿಂದಲೇ ಶುರುಮಾಡಬೇಕೆಂಬ ಹಟ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅತಿ ಹೆಚ್ಚು ನಕಲಾಗುವುದೂ ಅದೇ, ಕಲಿಯುವಾಗಿನ ತಪ್ಪು ಅಲ್ಲಿ ದುಬಾರಿ. ಸಾಲ್ವಾತೋರೆ ಫೆರಗಾಮೊ ಕಂಪನಿಯ ಹೂವು–ಪ್ರಾಣಿಗಳ ರೇಷ್ಮೆ ಚೌಕಗಳು, ಲಂಡನ್ನಿನ ಲಿಬರ್ಟಿ ಮಳಿಗೆಯವು, ಅಮೆರಿಕದ ವೀರಾ ನ್ಯೂಮನ್ ಅವರ ಹೆಸರಿನವು (ಸಹಿಯ ಪಕ್ಕ ಒಂದು ಪುಟ್ಟ ಗುಲಗಂಜಿ ಹುಳ ಇರುತ್ತದೆ) ಕಡಿಮೆ ಹಣಕ್ಕೆ ಸಿಗುತ್ತವೆ, ಕಣ್ಣು ಪಳಗುತ್ತದೆ. ವೀರಾ ಸ್ಕಾರ್ಫ್‌ಗಳಲ್ಲಿ ರೇಷ್ಮೆಯಲ್ಲದವೂ ಬಹಳ, ಲೇಬಲ್ ಓದಿ. ಗುಚ್ಚಿಯ ‘ಫ್ಲೋರಾ’ 1966ರಲ್ಲಿ ಮೊನಾಕೊದ ರಾಜಕುಮಾರಿ ಗ್ರೇಸ್ ಕೆಲ್ಲಿಗಾಗಿ ವಿತ್ತೋರಿಯೊ ಅಕೊರ್ನೆರೊ ಬಿಡಿಸಿದ ಹೂವಿನ ಚಿತ್ರ; ಹಳೆಯ ತುಂಡುಗಳಲ್ಲಿ ಅವರ ಸಹಿ ಇರುತ್ತದೆ. ಅದೂ ಬಹಳ ನಕಲಾಗುವಂಥದ್ದು, ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಚಳಿಗಾಲದಲ್ಲಿ ಶಾಲು ಮಾರಲು ಬರುವವರು ಯಾರಾದರೂ ಗುಟ್ಟಿನಲ್ಲಿ ‘ಹಳೆ ಶಹತೂಶ್ ಇದೆ’ ಎಂದರೆ ಕೈ ಮುಗಿದು ಕಳಿಸಿ. ಅದು ಚಿರು ಎಂಬ ಟಿಬೆಟ್ ಜಿಂಕೆಯನ್ನು ಕೊಂದು ತೆಗೆದ ಉಣ್ಣೆ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟ ಅಪರಾಧ. ಸೆಕೆಂಡ್ ಹ್ಯಾಂಡ್ ಎಂಬ ನೆಪ ನಡೆಯದು.

ನಿಮ್ಮ ಕಾಕಾ ತಂದ ಮಫ್ಲರ್

ನಿಮ್ಮ ತಮ್ಮ ಇಲ್ಲಿ ಎಡವಿದ್ದಾನೆ. ಈಗ ‘ಬರ್ಬರಿ’ ಎನ್ನುವ ಆ ಬ್ರಿಟಿಷ್ ಕಂಪನಿ 1999ರವರೆಗೆ ‘ಬರ್ಬರೀಸ್’ ಎಂದೇ ಬರೆದುಕೊಳ್ಳುತ್ತಿತ್ತು, ಆಮೇಲೆ ಕೊನೆಯ ‘ಎಸ್’ ಬಿಟ್ಟಿತು. ತೊಂಬತ್ತರ ದಶಕದ ತುಂಡಿನಲ್ಲಿ ಆ ಅಕ್ಷರ ಇರಲೇಬೇಕು. ಹಾಗೆಂದು ಅದೊಂದೇ ಸಾಕ್ಷಿಯಲ್ಲ, ಆಗಿನ ನಕಲಿನವರೂ ಅದನ್ನೇ ನಕಲು ಮಾಡಿದ್ದಾರೆ. ಲೇಬಲ್ಲಿನಲ್ಲಿ ನೂಲು ಯಾವುದೆಂದು ನೋಡಿ. ಪೂರ್ತಿ ಕ್ಯಾಶ್ಮೀರ್ ಅಥವಾ ಕುರಿಮರಿ ಉಣ್ಣೆ, ಸ್ಕಾಟ್ಲೆಂಡ್ ಅಥವಾ ಇಂಗ್ಲೆಂಡಿನ ತಯಾರಿ ಎಂದಿದ್ದರೆ ಒಳ್ಳೆಯದು. ಅಕ್ರಿಲಿಕ್ ಎಂದಿದ್ದರೆ ಅಲ್ಲಿಗೆ ಬಿಡಿ. ಕಪ್ಪು, ಬಿಳಿ, ಕೆಂಪು ಗೀಟುಗಳು ನೇಯ್ಗೆಯಲ್ಲೇ ಬಂದಿರಬೇಕು, ಎರಡೂ ಬದಿ ಒಂದೇ ಗಾಢತೆಯಲ್ಲಿ.

ಮಫ್ಲರಿಗೆ ಕುಚ್ಚು ಇರುವುದರಿಂದ ಸುಡುವ ಪರೀಕ್ಷೆ ಸಾಧ್ಯ. ಕುಚ್ಚಿನ ತುದಿಯಿಂದ 2 ಸೆಂ.ಮೀ.ನ ಒಂದೇ ಎಳೆ ಕತ್ತರಿಸಿ, ಚಿಮಟಿಗೆಯಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತೋರಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಿಗೆ ಪುಡಿಯಾದರೆ ಪ್ರಾಣಿಜನ್ಯ ನೂಲು. ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾದರೆ ಅಕ್ರಿಲಿಕ್. ರೇಷ್ಮೆ ಚೌಕಕ್ಕೆ ಈ ಪರೀಕ್ಷೆ ಬೇಡ. ಎಳೆ ತೆಗೆಯಬೇಕಾದರೆ ಅಂಚು ಬಿಚ್ಚಬೇಕು, ಬಿಚ್ಚಿದರೆ ಬೆಲೆ ಹೋಯಿತು. ರೇಷ್ಮೆ ಹೌದೋ ಅಲ್ಲವೋ ಎಂಬ ಅನುಮಾನ ಉಳಿದರೆ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ವ್ಯವಸ್ಥೆಯಲ್ಲಿ ಪರೀಕ್ಷೆ ಮಾಡಿಸುವ ದಾರಿ ಬೆಂಗಳೂರಿನಲ್ಲಿದೆ. ಅವರು ನೂಲು ರೇಷ್ಮೆಯೋ ಎಂದಷ್ಟೇ ಹೇಳುತ್ತಾರೆ, ಬ್ರ್ಯಾಂಡ್ ಅಸಲಿಯೋ ಎಂದಲ್ಲ.

ಬಿಚ್ಚಿದ ಅಂಚು, ಬೋರ್ ನೀರು

ಪೀಕೊ ಹಾಕಿಸಬೇಡಿ. ಪೀಕೊ ಯಂತ್ರ ಸೀರೆಯ ಅಂಚಿಗೆ ಮಾಡಿದ್ದು. ಅದು ಸುರುಳಿಯನ್ನು ಒತ್ತಿ ದಾರದಿಂದ ಸುತ್ತಿಬಿಡುತ್ತದೆ, ಬಿಚ್ಚಿದರೆ ಬಟ್ಟೆಯಲ್ಲಿ ಸೂಜಿತೂತುಗಳ ಸಾಲೇ ಉಳಿಯುತ್ತದೆ. ಮೂರು ಇಂಚನ್ನು ನೀವೇ ಸರಿಮಾಡಬಹುದು. 10ನೇ ನಂಬರಿನ ತೆಳು ಸೂಜಿ, ಅಂಚಿನ ಬಣ್ಣದ ಒಂದೆಳೆ ರೇಷ್ಮೆ ದಾರ ತನ್ನಿ. ಬೆರಳ ತುದಿ ತುಸು ಒದ್ದೆ ಮಾಡಿಕೊಂಡು, ಹಳೆಯ ಸುರುಳಿ ಯಾವ ಬದಿಗಿತ್ತೋ ಅದೇ ಬದಿಗೆ ಅಂಚನ್ನು ಹೊಸೆಯಿರಿ. ಗಂಟನ್ನು ಸುರುಳಿಯ ಒಳಗೆ ಅಡಗಿಸಿ. ಸುರುಳಿಯ ಬುಡದಲ್ಲಿ ಬಟ್ಟೆಯ ಒಂದೋ ಎರಡೋ ಎಳೆ ಮಾತ್ರ ಸೂಜಿಗೆ ಎತ್ತಿ, ಸೂಜಿಯನ್ನು ಸುರುಳಿಯೊಳಗೇ 4–5 ಮಿ.ಮೀ. ಸಾಗಿಸಿ ಹೊರತೆಗೆಯಿರಿ, ಮತ್ತೆ ಹಾಗೇ. ಮೂರು ಇಂಚಿಗೆ 15–18 ಹೊಲಿಗೆ ಬೀಳುತ್ತವೆ. ದಾರ ಬಿಗಿಯಾಗಿ ಎಳೆದರೆ ಅಂಚು ಸುಕ್ಕುಗಟ್ಟುತ್ತದೆ. ಐದು ಹೊಲಿಗೆಗೊಮ್ಮೆ ಬಟ್ಟೆಯನ್ನು ಮೆಲ್ಲಗೆ ಎಳೆದು ದಾರ ಸಡಿಲಿಸಿಕೊಳ್ಳಿ. ಹೊಸ ಹೊಲಿಗೆಯನ್ನು ಹಳೆಯದರ ಮೇಲೆ ಎರಡೂ ಕಡೆ ಅರ್ಧ ಇಂಚು ಹಾಯಿಸಿ. ಧೈರ್ಯ ಸಾಲದಿದ್ದರೆ ರಫೂ ಮಾಡುವವರ ಹತ್ತಿರ ಒಯ್ಯಿರಿ, ಟೈಲರ್ ಹತ್ತಿರ ಅಲ್ಲ.

ಒಗೆಯುವ ವಿಷಯದಲ್ಲಿ ನನ್ನ ಮೊದಲ ಉತ್ತರ: ಒಗೆಯದಿರುವುದೇ ಒಳ್ಳೆಯದು. ನೆರಳಿನಲ್ಲಿ ಗಾಳಿಗೆ ಹಾಕಿದರೆ ಬಹುಪಾಲು ವಾಸನೆ ಹೋಗುತ್ತದೆ. ನುಸಿಗುಳಿಗೆಯ ವಾಸನೆಗೆ ಮಾತ್ರ ವಾರಗಳೇ ಬೇಕು. ಬೆಲೆಬಾಳುವುದನ್ನು ಡ್ರೈಕ್ಲೀನಿಗೆ ಕೊಡುವಾಗ ನಾಲ್ಕು ಮಾತು ಹೇಳಿ, ಚೀಟಿಯ ಮೇಲೂ ಬರೆಸಿ: ಅಂಚು ಪ್ರೆಸ್ ಮಾಡಬಾರದು, ಗಂಜಿ ಬೇಡ, ಸೀರೆಗೆ ಮಾಡುವ ರೋಲ್ ಪಾಲಿಶ್ ಬೇಡ, ಬಟ್ಟೆಗೆ ಸ್ಟೇಪಲ್ ಹೊಡೆಯುವುದಾಗಲಿ ಶಾಯಿ ಗುರುತು ಹಾಕುವುದಾಗಲಿ ಬೇಡ. ಇದರಲ್ಲಿ ಒಂದು ಮರೆತರೂ ನಷ್ಟ ನಿಮ್ಮದೇ.

ಕಡಿಮೆ ಬೆಲೆಯದನ್ನು ಮನೆಯಲ್ಲಿ ಒಗೆಯಲೇಬೇಕೆಂದರೆ ಮೊದಲು ಬಣ್ಣದ ಪರೀಕ್ಷೆ. ಬಿಳಿ ಹತ್ತಿಯ ತುಂಡನ್ನು ಒದ್ದೆ ಮಾಡಿ ಕೆಂಪು, ಕಡುನೀಲಿ, ಕಪ್ಪು ಭಾಗಗಳ ಮೇಲೆ ಅರ್ಧ ನಿಮಿಷ ಒತ್ತಿ. ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ಕೈಬಿಡಿ. ಬೋರ್ ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ಕರಗದ ಕೆನೆಯಾಗಿ ಎಳೆಗೆ ಅಂಟುತ್ತದೆ, ರೇಷ್ಮೆ ಒರಟಾಗಿ ಮಂಕಾಗುವುದು ಇದರಿಂದ. ಆರ್‌ಓ ನೀರು ಅಥವಾ ಹಿಡಿದಿಟ್ಟ ಮಳೆನೀರು 4 ಲೀಟರ್ ಬೇಕು, ಜಾಲಿಸಲು ಇನ್ನಷ್ಟು. ಮೇ ತಿಂಗಳಲ್ಲಿ ನಮ್ಮ ತಾರಸಿ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಇಡಲಾಗದಷ್ಟು ಬಿಸಿ. ರೇಷ್ಮೆಗೆ 30 ಡಿಗ್ರಿಗಿಂತ ಹೆಚ್ಚು ಬೇಡ, ಬೆಳಗಿನ ಜಾವ ಹಿಡಿದ ನೀರೇ ಇರಲಿ. ಉಣ್ಣೆ–ರೇಷ್ಮೆಗೆಂದು ಮಾರುವ ದ್ರವ ಸೋಪು ಒಂದು ಟೀ ಚಮಚ ಸಾಕು. ದಿನಬಳಕೆಯ ವಾಷಿಂಗ್ ಪೌಡರ್ ಬೇಡ, ಏಕೆಂದರೆ ಕಲೆ ತೆಗೆಯಲು ಅದರಲ್ಲಿ ಸೇರಿಸುವ ಕಿಣ್ವಗಳು ಪ್ರೋಟೀನನ್ನು ಕರಗಿಸುವಂಥವು, ರೇಷ್ಮೆ ಎಂಬುದೇ ಪ್ರೋಟೀನು. ಅಂಟುವಾಳದ ನೀರು ಗಾಢ ಬಣ್ಣಕ್ಕೆ ಸರಿ, ಬಿಳಿ ನೆಲದ ಸ್ಕಾರ್ಫಿಗೆ ಹಳದಿ ಛಾಯೆ ಕೊಡುತ್ತದೆ. ಎರಡು ಮೂರು ನಿಮಿಷ ಅದ್ದಿ ಆಡಿಸಿ, ಉಜ್ಜಬೇಡಿ. ಉಜ್ಜಿದ ಕಡೆ ಎಳೆಗಳು ಒಡೆದು ಬಿಳಿಚಿದ ತೇಪೆ ಮೂಡುತ್ತದೆ, ಅದಕ್ಕೆ ಮದ್ದಿಲ್ಲ. ಕೊನೆಯ ಜಾಲಿಸುವ ನೀರಿಗೆ ಒಂದು ಚಮಚ ಬಿಳಿ ವಿನೆಗರ್. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಿ. ಇನ್ನೂ ತೇವ ಇರುವಾಗಲೇ ಹಿಂಬದಿಯಿಂದ ಕಡಿಮೆ ಶಾಖದ ಇಸ್ತ್ರಿ, ಅಂಚಿಗೆ ಒಂದು ಸೆಂ.ಮೀ. ಬಾಕಿ ಇರುವಾಗ ನಿಲ್ಲಿಸಿ.

ತಲೆಗೆಣ್ಣೆಯ ಕಲೆ ಕಂಡರೆ ನೀರು ಮುಟ್ಟಿಸುವ ಮೊದಲು ಕಾರ್ನ್‌ಫ್ಲೋರ್ ಉದುರಿಸಿ ಒಂದು ರಾತ್ರಿ ಬಿಟ್ಟು, ಮೃದು ಬ್ರಷ್‌ನಿಂದ ಕೊಡವಿ. ಷರಬತ್ತು, ಚಹಾದ ಸಕ್ಕರೆ ಕಲೆ ಮೊದಲು ಕಾಣುವುದಿಲ್ಲ, ಇಸ್ತ್ರಿಯ ಶಾಖಕ್ಕೆ ಕಂದು ಬಣ್ಣದಲ್ಲಿ ಎದ್ದು ನಿಲ್ಲುತ್ತದೆ. 365 ನ್ಯಾನೊಮೀಟರಿನ ಯುವಿ ಟಾರ್ಚ್ ಹಿಡಿದು ಕತ್ತಲೆಯಲ್ಲಿ ನೋಡಿದರೆ ಇಂಥ ಅನೇಕ ಕಲೆಗಳು ಮೊದಲೇ ಹೊಳೆದು ಕಾಣುತ್ತವೆ.

ಸೆಕೆಂಡ್ ಹ್ಯಾಂಡ್ ಉಣ್ಣೆ ಮನೆಗೆ ಬಂದ ಕೂಡಲೇ ಉಳಿದವುಗಳ ಜೊತೆ ಸೇರಿಸಬೇಡಿ, ಅದರಲ್ಲಿ ನುಸಿಯ ಮೊಟ್ಟೆ ಇರಬಹುದು. ಗಾಳಿಯಾಡದ ಜಿಪ್ ಚೀಲದಲ್ಲಿ ಹಾಕಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ನೀರು ಕೂಡುತ್ತದೆ. ಆಮೇಲೆ ಒಗೆದ ಹಳೆ ಮಲ್ಲು ಪಂಚೆಯಲ್ಲಿ ಸುತ್ತಿ ಕಪಾಟಿನಲ್ಲಿಡಿ. ಪ್ಲಾಸ್ಟಿಕ್ ಬೇಡ, ಮಳೆಗಾಲದಲ್ಲಿ ಒಳಗೆ ತೇವ ಹಿಡಿದು ಮುಗ್ಗುತ್ತದೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಗೆ ತಾಗದಂತೆ ಚೀಲದಲ್ಲಿ ಕಟ್ಟಿ, ಅದರ ಜೊತೆ ಕರ್ಪೂರ ಮಾತ್ರ ಇಡಬೇಡಿ. ನುಸಿಗುಳಿಗೆಯ ನ್ಯಾಫ್ತಲೀನ್, ಕರ್ಪೂರ ಒಂದಕ್ಕೊಂದು ತಾಗಿದರೆ ನಮ್ಮ ಬೇಸಿಗೆಯ ಶಾಖಕ್ಕೇ ಕರಗಿ ದ್ರವವಾಗುತ್ತವೆ, ಆ ಕಲೆ ರೇಷ್ಮೆಯಿಂದ ಬಿಡುವುದು ಬಲು ಕಷ್ಟ.

ಒಂದು ನೋಟ್‌ಬುಕ್ ಇಡಿ. ಪ್ರತಿ ಸ್ಕಾರ್ಫಿಗೆ ಒಂದು ಪುಟ: ಯಾರಿಂದ, ಯಾವಾಗ, ಎಷ್ಟಕ್ಕೆ, ಎರಡು ದಿಕ್ಕಿನ ಅಳತೆ, ತೂಕ, ವಿನ್ಯಾಸದ ಹೆಸರು, ಕೊಂಡಾಗ ಇದ್ದ ಪ್ರತಿಯೊಂದು ಕಲೆ ಮತ್ತು ಜಗ್ಗಿದ ಎಳೆ ಯಾವ ಮೂಲೆಯಿಂದ ಎಷ್ಟು ಸೆಂ.ಮೀ. ದೂರದಲ್ಲಿದೆ ಎಂಬುದು. ಮುಂದೆ ನೀವೇ ಮಾರುವಾಗ ಕೊಳ್ಳುವವರು ಕೇಳುವುದೂ ಇದನ್ನೇ.